ಉಡುಪಿಯಲ್ಲಿ ಮಾರಿದ ಕಾರಿನ ಎನ್‌ಸಿಬಿ, ಮಂಗಳೂರಿನಲ್ಲಿ ಕೊಂಡ ಕಾರಿಗೆ: ಒಂದು ಪ್ರಕರಣ

2022ರ ಫೆಬ್ರವರಿ 19ರಂದು ಉಡುಪಿಯಲ್ಲಿ ಒಂದು ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಮಾರಾಟವಾಯಿತು. ಕೆಎ-20 ನೋಂದಣಿ, 2014ರ ಸೆಪ್ಟೆಂಬರಿನಲ್ಲಿ ಹೊಸದಾಗಿ ಕೊಂಡದ್ದು, ಅಲ್ಲಿಯವರೆಗೆ ಒಬ್ಬರೇ ಮಾಲೀಕರು. ಮಾರಿದ ಮೇಲೆ ಅವರು ಕೆಲಸಕ್ಕೆಂದು ಅಬುಧಾಬಿಗೆ ಹೋದರು. 2025ರ ಜನವರಿಯಲ್ಲಿ ಊರಿಗೆ ಮರಳಿ, ಮಂಗಳೂರಿನ ಶೋರೂಮೊಂದರಲ್ಲಿ ಹೊಸ ಕಾರು ಕೊಳ್ಳಲು ಹೊರಟಾಗ ವಿಮೆಯ ಪ್ರಶ್ನೆ ಎದ್ದಿತು. ಹಳೆಯ ಕಾರಿನ ಎನ್‌ಸಿಬಿ, ಅಂದರೆ ಕ್ಲೇಮು ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್, ಇಷ್ಟು ಕಾಲದ ಮೇಲೆ ಸಿಗುತ್ತದೆಯೇ? ಸಿಕ್ಕರೆ ಎಷ್ಟು?

ಸಿಕ್ಕಿತು. ಅವರು ಎಣಿಸಿದ್ದು ಶೇ. 50, ಸಿಕ್ಕಿದ್ದು ಶೇ. 45. ಅದೂ ಮೂರು ಕಡೆ ಕೈತಪ್ಪುವುದರಲ್ಲಿತ್ತು: ಬುಕಿಂಗ್ ಯಾರ ಹೆಸರಿನಲ್ಲಿತ್ತು ಎಂಬಲ್ಲಿ, ಹಳೆಯ ವಿಮಾ ಕಂಪನಿಯಿಂದ ತರಬೇಕಾದ ಪತ್ರದಲ್ಲಿ, ಶೋರೂಮಿನ ಕೊಟೇಷನ್ನಿನಲ್ಲಿ. ಮೊತ್ತಗಳನ್ನು ಇಲ್ಲಿ ರೂಪಾಯಿಗೆ ದುಂಡಾಗಿಸಿದೆ. ಕಾರು, ಶೋರೂಂ, ಕಂಪನಿಗಳ ಹೆಸರು ಕೊಟ್ಟಿಲ್ಲ.

ನಿಯಮದ ಮಟ್ಟಿಗೆ

ಎನ್‌ಸಿಬಿಗೆ ಕಂಪನಿಗಳು ಇಂದಿಗೂ ಅನುಸರಿಸುವ ಚೌಕಟ್ಟು 2002ರ ಇಂಡಿಯಾ ಮೋಟಾರ್ ಟ್ಯಾರಿಫ್‌ನ, ಅಂದರೆ ವಾಹನ ವಿಮೆಯ ದರ ಮತ್ತು ನಿಯಮಗಳ ಸಂಗ್ರಹದ, 27ನೇ ಸಾಮಾನ್ಯ ನಿಯಮದ್ದು. ಒಂದು ವರ್ಷ ಕ್ಲೇಮಿಲ್ಲದೆ ಕಳೆದರೆ ಶೇ. 20, ಸತತ ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಗೆ ನಿಲ್ಲುತ್ತದೆ. ನಡುವೆ ಒಂದೇ ಒಂದು ಓನ್ ಡ್ಯಾಮೇಜ್ (ಸ್ವಂತ ಕಾರಿನ ಹಾನಿ, ಕಳವಿನ) ಕ್ಲೇಮು ಆದರೂ ಮುಂದಿನ ರಿನ್ಯೂವಲ್‌ನಲ್ಲಿ ಸೊನ್ನೆಗೆ ಇಳಿಯುತ್ತದೆ. ಈ ರಿಯಾಯಿತಿ ಸಿಗುವುದು ಓನ್ ಡ್ಯಾಮೇಜ್ ಪ್ರೀಮಿಯಮ್ಮಿಗೆ ಮಾತ್ರ. ಥರ್ಡ್ ಪಾರ್ಟಿ (ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ) ಪ್ರೀಮಿಯಂ ಸರ್ಕಾರ ನಿಗದಿ ಮಾಡಿದ್ದು, ಅದರಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ.

ಎನ್‌ಸಿಬಿ ಕಾರಿನದ್ದಲ್ಲ, ವಿಮೆ ಮಾಡಿಸಿದವರದ್ದು. ಕಾರು ಮಾರಿದರೆ ಅದು ಕಾರಿನ ಜೊತೆ ಹೋಗುವುದಿಲ್ಲ, ಕೊಂಡವರಿಗೆ ದಕ್ಕುವುದೂ ಇಲ್ಲ. ಮಾರಿದವರು ಕೂಡಲೇ ಬೇರೆ ಕಾರು ಕೊಳ್ಳದಿದ್ದರೆ, ಹಿಂದಿನ ವಿಮೆ ಮುಗಿದ ದಿನದಿಂದ ಮೂರು ವರ್ಷದೊಳಗೆ ಕೊಳ್ಳುವ ಕಾರಿಗೆ ಅದನ್ನು ಬಳಸಬಹುದು. ಕಾರು ಕೈಯಲ್ಲೇ ಇದ್ದು ಪಾಲಿಸಿ ಮುಗಿಯಲು ಬಿಟ್ಟವರಿಗೆ ಮೂರು ವರ್ಷದ ಈ ಸೌಲಭ್ಯ ಇಲ್ಲ. ಅವರಿಗೆ 90 ದಿನ ಮಾತ್ರ. 91ನೇ ದಿನ ಎಲ್ಲವೂ ಸೊನ್ನೆ. ಎರಡು ಗಡುವುಗಳನ್ನು ಬೆರೆಸಿಕೊಂಡು ಎನ್‌ಸಿಬಿ ಕಳೆದುಕೊಂಡವರು ಕರಾವಳಿಯಲ್ಲಿ ಕಡಿಮೆಯಿಲ್ಲ, ಏಕೆಂದರೆ ಪರದೇಶಕ್ಕೆ ಹೋಗುವಾಗ ಕಾರನ್ನು ಮಾರದೆ ಮನೆಯ ಶೆಡ್ಡಿನಲ್ಲಿ ಟಾರ್ಪಾಲ್ ಹೊದೆಸಿ ಹೋಗುವವರೇ ಹೆಚ್ಚು. ಓಡಿಸದೆ ನಿಲ್ಲಿಸಿದ ವಾಹನಕ್ಕೂ ಮೂರು ವರ್ಷದ ಅವಕಾಶವನ್ನು ಟ್ಯಾರಿಫ್ ಹೇಳುತ್ತದೆ ನಿಜ. ಆದರೆ ಶೆಡ್ಡಿನಲ್ಲೇ ಇತ್ತು ಎಂಬ ಬಾಯಿಮಾತನ್ನು ಯಾವ ಕಂಪನಿಯೂ ಒಪ್ಪುವುದಿಲ್ಲ. ನಿಲ್ಲಿಸುವ ಮೊದಲೇ ಬರವಣಿಗೆಯಲ್ಲಿ ತಿಳಿಸಿರಬೇಕು, ದಾಖಲೆ ಇರಬೇಕು.

ಶೇ. 50 ಎಲ್ಲಿಂದ ಬಂತು

ಈ ಪ್ರಕರಣದ ಗಂಟು ಇರುವುದು ಇಲ್ಲೇ. ಮಾಲೀಕರ ಬಳಿ ಶೇ. 50 ಎಂದು ಅಚ್ಚಾಗಿದ್ದ ಕಾಗದವೇ ಇತ್ತು.

ಹಳೆಯ ಕಾರಿನ ಪಾಲಿಸಿ ಪ್ರತಿ ವರ್ಷ ಸೆಪ್ಟೆಂಬರ್ 18ಕ್ಕೆ ಶುರುವಾಗುತ್ತಿತ್ತು. 2017ರ ಮಳೆಗಾಲದಲ್ಲಿ ಅಂಗಳದಲ್ಲಿ ನಿಂತಿದ್ದ ಕಾರಿನ ಮೇಲೆ ತೆಂಗಿನಕಾಯಿ ಬಿದ್ದು ಮುಂದಿನ ಗಾಜು ಒಡೆಯಿತು, ಬಾನೆಟ್ ತಗ್ಗಾಯಿತು, ಕ್ಲೇಮು ಮಾಡಿದರು. ಹಾಗಾಗಿ 2017ರ ಸೆಪ್ಟೆಂಬರ್ ರಿನ್ಯೂವಲ್‌ನಲ್ಲಿ ಎನ್‌ಸಿಬಿ ಸೊನ್ನೆ. ಆಮೇಲೆ 2018ರಲ್ಲಿ 20, 2019ರಲ್ಲಿ 25, 2020ರಲ್ಲಿ 35, 2021ರಲ್ಲಿ 45. ಮಾರುವಾಗ ಚಾಲ್ತಿಯಲ್ಲಿದ್ದ ಪಾಲಿಸಿ 2021ರ ಸೆಪ್ಟೆಂಬರ್ 18ರಿಂದ 2022ರ ಸೆಪ್ಟೆಂಬರ್ 17ರವರೆಗಿನದ್ದು. ಅದರಲ್ಲಿ ಕಂಡದ್ದು ಶೇ. 45.

ಕೊಂಡವರು ಆರ್‌ಸಿಯನ್ನು ಒಂದು ತಿಂಗಳೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಂಡರು. ವಿಮೆಯನ್ನು ಮಾಡಿಸಿಕೊಳ್ಳಲಿಲ್ಲ. ಮಾಲೀಕತ್ವ ಬದಲಾದರೆ ಥರ್ಡ್ ಪಾರ್ಟಿ ರಕ್ಷಣೆ ತಾನಾಗಿ ಕೊಂಡವರಿಗೆ ದಾಟುತ್ತದೆ, ಆದರೆ ಓನ್ ಡ್ಯಾಮೇಜ್ ಭಾಗ ದಾಟಬೇಕಾದರೆ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಸೆಕೆಂಡ್ ಹ್ಯಾಂಡ್ ಕಾರಿನ ವ್ಯವಹಾರದಲ್ಲಿ ಇದನ್ನು ನೆನಪಿಟ್ಟು ಮಾಡುವವರು ಅಪರೂಪ. ಪರಿಣಾಮ ಏನಾಯಿತೆಂದರೆ, ಕಾರು ಬೇರೆಯವರ ಅಂಗಳದಲ್ಲಿದ್ದರೂ ಪಾಲಿಸಿ ಹಳೆಯ ಮಾಲೀಕರ ಹೆಸರಿನಲ್ಲೇ ಅವಧಿ ಮುಗಿಯುವವರೆಗೆ ನಿಂತಿತು. ಕ್ಲೇಮು ಯಾವುದೂ ಬರಲಿಲ್ಲ. ಕಂಪನಿಯ ಕಂಪ್ಯೂಟರಿಗೆ ಕಂಡದ್ದು ಇಷ್ಟೇ: ಐದನೇ ವರ್ಷವೂ ಕ್ಲೇಮಿಲ್ಲದೆ ಪೂರ್ತಿಯಾಗಿದೆ. 2022ರ ಆಗಸ್ಟಿನಲ್ಲಿ ಹಳೆಯ ಮಾಲೀಕರ ಇಮೇಲ್‌ಗೆ ರಿನ್ಯೂವಲ್ ನೋಟೀಸು ಬಂತು, ಎನ್‌ಸಿಬಿ ಶೇ. 50 ಎಂದು.

ಎನ್‌ಸಿಬಿಗೆ ರಿನ್ಯೂವಲ್ ನೋಟೀಸು ಒಪ್ಪತಕ್ಕ ಪುರಾವೆ ಎಂದು ಟ್ಯಾರಿಫ್‌ನಲ್ಲೇ ಇದೆ. ಅದಕ್ಕೇ ಶೋರೂಮಿನ ವಿಮಾ ಟೇಬಲ್ಲಿನಲ್ಲಿ ಬಂದ ಮಾತು ಹೀಗಿತ್ತು: “ನೋಟೀಸೇ ಉಂಟಲ್ಲ ಸಾರ್, ಐವತ್ತೇ ಹಾಕುವ. ಇನ್ನು ಇದನ್ನೆಲ್ಲ ಯಾರು ನೋಡ್ತಾರೆ ಮಾರಾಯ್ರೆ?”

ಆದರೆ ಆ ಪುರಾವೆ ಕಾರು ಇನ್ನೂ ತಮ್ಮಲ್ಲೇ ಇರುವವರಿಗೆ. ಎನ್‌ಸಿಬಿಯ ಮುಂದಿನ ಮೆಟ್ಟಿಲು ಹತ್ತಬೇಕಾದರೆ 12 ತಿಂಗಳ ಪೂರ್ತಿ ಅವಧಿ ವಿಮೆದಾರರಾಗಿ ಕಳೆದಿರಬೇಕು. ಇವರು ಐದನೇ ವರ್ಷದಲ್ಲಿ ಕಾರಿನ ಮಾಲೀಕರಾಗಿದ್ದದ್ದು ಸೆಪ್ಟೆಂಬರ್ 18ರಿಂದ ಫೆಬ್ರವರಿ 19ರವರೆಗೆ, ಐದು ತಿಂಗಳು ಮಾತ್ರ. ಆ ತುಂಡು ಅವಧಿ ಶೇ. 45ನ್ನು 50 ಮಾಡುವುದಿಲ್ಲ. ಅದರಲ್ಲಿ ಕ್ಲೇಮು ಇಲ್ಲದ್ದರಿಂದ 45 ಕೆಡುವುದೂ ಇಲ್ಲ. ಕಾರು ಮಾರಿದ ವಿಷಯ ಕಂಪನಿಗೆ ಗೊತ್ತಿಲ್ಲದೆ ಹುಟ್ಟಿದ ಅಂಕಿ ಶೇ. 50. ಅದನ್ನು ತೋರಿಸಿ ರಿಯಾಯಿತಿ ಪಡೆದರೆ ಸುಳ್ಳು ಘೋಷಣೆಯಾಗುತ್ತದೆ, ಕಾಗದ ಅಸಲಿಯೇ ಆಗಿದ್ದರೂ.

ಬುಕಿಂಗ್ ಹೆಂಡತಿಯ ಹೆಸರಿನಲ್ಲಿ

ಅಬುಧಾಬಿಯಲ್ಲಿದ್ದಾಗಲೇ ಕಾರು ಬುಕ್ ಮಾಡಿಸಿದ್ದರು. ಊರಿನಲ್ಲಿ ಸಹಿ ಹಾಕಲು ಇದ್ದವರು ಹೆಂಡತಿ. ಬುಕಿಂಗ್ ಫಾರಂ, ಪ್ರೊಫಾರ್ಮಾ ಇನ್‌ವಾಯ್ಸ್ ಎರಡೂ ಅವರ ಹೆಸರಿಗೆ. ಹಾಗೇ ಮುಂದುವರಿದಿದ್ದರೆ ಆರ್‌ಸಿಯೂ ಪಾಲಿಸಿಯೂ ಅವರ ಹೆಸರಿಗೇ ಆಗುತ್ತಿತ್ತು, ಗಂಡನ ಎನ್‌ಸಿಬಿಗೆ ಅಲ್ಲಿ ಜಾಗವಿರುತ್ತಿರಲಿಲ್ಲ. ಗಂಡ-ಹೆಂಡತಿ, ಅಪ್ಪ-ಮಗ ಎಂಬ ಕಾರಣಕ್ಕೆ ಎನ್‌ಸಿಬಿ ಕೈ ಬದಲಿಸುವುದಿಲ್ಲ. ವಿಮೆದಾರರು ತೀರಿಕೊಂಡು ಅದೇ ಕಾರು ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ-ತಾಯಿಯ ಕೈಗೆ ಬಂದಾಗ ಮಾತ್ರ ಅದಕ್ಕೆ ವಿನಾಯಿತಿ. ಇನ್ನೊಂದು ಸಣ್ಣ ವಿನಾಯಿತಿ ಸಂಸ್ಥೆಯ ಕಾರಿನದ್ದು: ನೌಕರರೊಬ್ಬರಿಗೇ ಮೀಸಲಾಗಿದ್ದ ಕಾರನ್ನು ಸಂಸ್ಥೆ ಅವರ ಹೆಸರಿಗೇ ಬಿಟ್ಟುಕೊಟ್ಟರೆ ಆ ಅವಧಿಯ ಎನ್‌ಸಿಬಿ ಅವರಿಗೆ ಬರುತ್ತದೆ.

ಹೆಸರು ಬದಲಿಸಲು ಸಮಯವಿರುವುದು ಟ್ಯಾಕ್ಸ್ ಇನ್‌ವಾಯ್ಸ್ ಮತ್ತು ಫಾರಂ 21, ಅಂದರೆ ಮಾರಾಟ ಪತ್ರ, ತಯಾರಾಗುವ ಮೊದಲು. ಅದು ಮುಗಿದು ನೋಂದಣಿಯ ಅರ್ಜಿ ಆರ್‌ಟಿಓಗೆ ಹೋದರೆ ಬದಲಾವಣೆ ತಲೆನೋವು. ಇಲ್ಲಿ ಬುಕಿಂಗ್ ರದ್ದು ಮಾಡದೆ, ಹೆಂಡತಿಯ ಒಪ್ಪಿಗೆ ಪತ್ರ ಮತ್ತು ಇಬ್ಬರ ಗುರುತಿನ ಚೀಟಿ ಕೊಟ್ಟು, ಅದೇ ಸರದಿ ಉಳಿಸಿಕೊಂಡು ಹೆಸರು ಬದಲಿಸಿದರು. ಬ್ಯಾಂಕ್ ಸಾಲ ಇದ್ದಿದ್ದರೆ ಸಾಲದ ಮಂಜೂರಾತಿಯೂ ಅದೇ ಹೆಸರಿಗೆ ಬರುವಂತೆ ನೋಡಬೇಕಿತ್ತು.

ಇನ್ನೊಂದು ಹೆಸರಿನ ತೊಡಕು ಸಣ್ಣದು, ಆದರೆ ಈ ಜಿಲ್ಲೆಗಳಲ್ಲಿ ಪದೇ ಪದೇ ಕಾಣುವಂಥದ್ದು. 2014ರ ಪಾಲಿಸಿಯಲ್ಲಿ ಇನಿಶಿಯಲ್ ಮತ್ತು ಹೆಸರು ಮಾತ್ರ. ಪಾಸ್‌ಪೋರ್ಟು, ಆಧಾರ್‌ಗಳಲ್ಲಿ ತಂದೆಯ ಹೆಸರು, ಕುಲನಾಮ ಎಲ್ಲ ಸೇರಿ ಉದ್ದ. ಹಳೆಯ ಕಂಪನಿಯ ಪತ್ರದಲ್ಲೇ ಎರಡೂ ರೂಪಗಳನ್ನು ಬರೆಸಿಕೊಂಡರೆ ಹೊಸ ಕಂಪನಿ ಪ್ರಶ್ನೆ ಎತ್ತುವುದಿಲ್ಲ. ವಿಳಾಸ ಉಡುಪಿಯಿಂದ ಮಂಗಳೂರಿಗೆ ಬದಲಾದದ್ದು, ಕೆಎ-20 ಹೋಗಿ ಕೆಎ-19 ಬಂದದ್ದು ಲೆಕ್ಕಕ್ಕೇ ಇಲ್ಲ. ದರಕ್ಕಾಗಿ ಟ್ಯಾರಿಫ್ ಊರುಗಳನ್ನು ವಲಯಗಳಾಗಿ ವಿಂಗಡಿಸುತ್ತದೆ, ಎರಡೂ ಬಿ ವಲಯದಲ್ಲಿವೆ. ಬೆಂಗಳೂರಿನಲ್ಲಿ ನೋಂದಣಿ ಮಾಡಿಸಿದ್ದರೆ ಎ ವಲಯ, ದರ ಕೊಂಚ ಹೆಚ್ಚು.

ಹಳೆಯ ಕಂಪನಿಯ ಪತ್ರ

ಬೇಕಾದದ್ದು ಎನ್‌ಸಿಬಿ ಕಾಯ್ದಿರಿಸುವ ಪತ್ರ. ಮಾರಿದ ವಾರದಲ್ಲೇ ಕೇಳಿದ್ದರೆ ಸುಲಭದಲ್ಲಿ ಆಗುತ್ತಿದ್ದ ಕೆಲಸ. ಮೂರು ವರ್ಷ ಮುಗಿಯುತ್ತಾ ಬಂದಾಗ ಕೇಳಿದ್ದರಿಂದ ಪ್ರತಿಯೊಂದಕ್ಕೂ ದಾಖಲೆ ಹುಡುಕಬೇಕಾಯಿತು. ಗ್ರಾಹಕ ಸೇವೆಯ ಫೋನಿಗಿಂತ, ಪಾಲಿಸಿ ಕೊಟ್ಟ ಶಾಖೆಗೇ ಹೋಗಿ ಅರ್ಜಿ ಕೊಟ್ಟು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದು ಒಳ್ಳೆಯದು. ಹಳೆಯ ಕಂಪನಿಯೇ ಈಗ ಇಲ್ಲದಿದ್ದರೆ, 2021ರಲ್ಲಿ ಭಾರ್ತಿ ಆಕ್ಸಾದ ಜನರಲ್ ಇನ್ಶೂರೆನ್ಸ್ ಐಸಿಐಸಿಐ ಲೊಂಬಾರ್ಡ್ ಜೊತೆ ಸೇರಿದ ಹಾಗೆ, ವಹಿಸಿಕೊಂಡ ಕಂಪನಿಯೇ ಪತ್ರ ಕೊಡುತ್ತದೆ.

ಅರ್ಜಿಯ ಜೊತೆ ಕೊಟ್ಟದ್ದು: 2021-22ರ ಪಾಲಿಸಿಯ ಪ್ರತಿ, ಅದರ ಹಿಂದಿನ ವರ್ಷದ ಪಾಲಿಸಿ, ಮಾರುವಾಗ ಸಹಿ ಹಾಕಿದ ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ರ ಪ್ರತಿ, ಹಣ ಮತ್ತು ಕಾರು ಕೈ ಬದಲಾದ ದಿನಾಂಕವಿರುವ ಡೆಲಿವರಿ ನೋಟ್, ಕೊಂಡವರ ಹೆಸರಿಗೆ ಆದ ಆರ್‌ಸಿಯ ಪ್ರತಿ, ಗುರುತಿನ ಚೀಟಿ, ಪ್ಯಾನ್. ಇವುಗಳಲ್ಲಿ ಕೈಯಲ್ಲಿ ಇಲ್ಲದೇ ಹೋದದ್ದು ಹೊಸ ಆರ್‌ಸಿ. ಪರಿವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ಮಾಲೀಕರ ಹೆಸರು ಅಕ್ಷರ ಮುಚ್ಚಿ ಕಾಣುತ್ತದೆ, ಪುರಾವೆಗೆ ಅದು ಸಾಲದು. ಕೊಂಡವರ ಫೋನ್ ನಂಬರ್ ಉಳಿದಿದ್ದರಿಂದ ವಾಟ್ಸಾಪಿನಲ್ಲಿ ಆರ್‌ಸಿಯ ಫೋಟೋ ತರಿಸಿಕೊಂಡರು. ಆ ಕಾರು ಅಷ್ಟರಲ್ಲಿ ಮೂರನೆಯವರಿಗೆ ದಾಟಿದ್ದರೆ ಆರ್‌ಟಿಓದಿಂದಲೇ ವಾಹನದ ದಾಖಲೆ ತೆಗೆಸಬೇಕಾಗುತ್ತಿತ್ತು. ಕಾರು ಮಾರುವ ದಿನವೇ, ಆರ್‌ಸಿ ವರ್ಗವಾದ ಮೇಲೆ ಅದರ ಒಂದು ಪ್ರತಿ ಕಳಿಸುವ ಮಾತನ್ನು ಡೆಲಿವರಿ ನೋಟಿನಲ್ಲೇ ಬರೆಸಿಟ್ಟುಕೊಳ್ಳಬೇಕು.

ಶಾಖೆಯವರು ಎತ್ತಿದ ತಕರಾರು ಒಂದೇ, ಆದರೆ ಅದರಲ್ಲಿ ಹುರುಳಿತ್ತು. ಫೆಬ್ರವರಿ 19ರ ನಂತರ ಕಾರು ನಿಮ್ಮದಲ್ಲ. ಆದರೂ ನಿಮ್ಮ ಶೇ. 45 ರಿಯಾಯಿತಿ ಆ ಕಾರಿನ ಪಾಲಿಸಿಯಲ್ಲೇ ಕೊನೆಯವರೆಗೆ ಇತ್ತು. ಒಂದೇ ಎನ್‌ಸಿಬಿ ಎರಡು ಕಡೆ ಇರುವಂತಿಲ್ಲ. ಆದ್ದರಿಂದ ಮಾರಿದ ನಂತರದ ಅವಧಿಯ ರಿಯಾಯಿತಿಯನ್ನು ವಾಪಸು ಕಟ್ಟಿ. ಇದನ್ನು ಎನ್‌ಸಿಬಿ ರಿಕವರಿ ಎನ್ನುತ್ತಾರೆ. ಸರಿಯಾದ ಕ್ರಮದಲ್ಲಿ ಹೋಗಿದ್ದರೆ 2022ರಲ್ಲೇ ಪಾಲಿಸಿ ವರ್ಗ ಮಾಡಿಸಿಕೊಳ್ಳುವಾಗ ಕೊಂಡವರಿಂದ ವಸೂಲಾಗಬೇಕಿದ್ದ ಹಣ ಇದು.

ಲೆಕ್ಕ ದಿನಗಳ ಮೇಲೆ. ಆ ಪಾಲಿಸಿಯಲ್ಲಿ ಶೇ. 45ಕ್ಕೆ ಬಿಟ್ಟ ಮೊತ್ತ 3,650 ರೂಪಾಯಿ. ಫೆಬ್ರವರಿ 20ರಿಂದ ಸೆಪ್ಟೆಂಬರ್ 17ಕ್ಕೆ 210 ದಿನ. 3,650ನ್ನು 365ರಿಂದ ಭಾಗಿಸಿ 210ರಿಂದ ಗುಣಿಸಿದರೆ 2,100. ಶೇ. 18 ಜಿಎಸ್‌ಟಿ 378 ಸೇರಿ 2,478 ರೂಪಾಯಿ. ಕಟ್ಟಿದರು. ಮೂರು ವರ್ಷದ ಮೇಲೆ ಕೊಂಡವರನ್ನು ಕೇಳುವ ಹಾಗಿರಲಿಲ್ಲ. ಹದಿಮೂರು ಸಾವಿರದ ಉಳಿತಾಯಕ್ಕಾಗಿ ಎರಡೂವರೆ ಸಾವಿರ ಕಟ್ಟುವುದು ನಷ್ಟದ ವ್ಯವಹಾರವೂ ಅಲ್ಲ.

ಆ ಏಳು ತಿಂಗಳಲ್ಲಿ ಕೊಂಡವರು ಹಳೆಯ ಹೆಸರಿನಲ್ಲೇ ಒಂದು ಬಂಪರ್ ಕ್ಲೇಮು ಹಾಕಿಸಿದ್ದರೆ? ಅದು ದಾಖಲೆಯಲ್ಲಿ ಇವರ ಕ್ಲೇಮಾಗಿಯೇ ಕೂತಿರುತ್ತಿತ್ತು. ಮಾರಿದ ದಿನಾಂಕ ತೋರಿಸಿ ತಿದ್ದಿಸಬಹುದಾದರೂ, ಬೇರೊಬ್ಬರ ತಪ್ಪು ಕ್ಲೇಮನ್ನು ಬಿಡಿಸುವ ಆ ಕೆಲಸ ಗಡುವಿನೊಳಗೆ ಮುಗಿಯುವುದು ಅನುಮಾನ. ಮಾರಿದ ದಿನವೇ ಕಂಪನಿಗೆ ಒಂದು ಇಮೇಲ್ ಹಾಕಿದರೆ ಈ ಬಾಗಿಲು ಮುಚ್ಚುತ್ತದೆ.

ಕೈಗೆ ಬಂದ ಪತ್ರದಲ್ಲಿ ಇರಬೇಕಾದದ್ದನ್ನು ಅಲ್ಲೇ ಕೌಂಟರಿನ ಎದುರು ನಿಂತು ಓದಿಕೊಳ್ಳಬೇಕು: ವಿಮೆದಾರರ ಹೆಸರು, ಪಾಲಿಸಿ ಸಂಖ್ಯೆ ಮತ್ತು ಅವಧಿ, ವಾಹನದ ನೋಂದಣಿ, ಎಂಜಿನ್, ಚಾಸಿ ಸಂಖ್ಯೆ, ಮಾರಿದ ದಿನಾಂಕ, ಎನ್‌ಸಿಬಿ ಶೇಕಡಾ, ಆ ಅವಧಿಯಲ್ಲಿ ಕ್ಲೇಮು ಇಲ್ಲವೆಂಬ ಮಾತು, ಯಾವ ದಿನದವರೆಗೆ ಬಳಸಬಹುದು ಎಂಬುದು. ಮೊದಲ ಪ್ರತಿಯಲ್ಲಿ ಕ್ಲೇಮಿನ ಸಾಲೇ ಇರಲಿಲ್ಲ, ಹೇಳಿ ಸೇರಿಸಿಕೊಂಡರು.

ಮೂರು ವರ್ಷವನ್ನು ಎಲ್ಲಿಂದ ಎಣಿಸುವುದು? ಟ್ಯಾರಿಫ್‌ನ ಪ್ರಕಾರ ಹಿಂದಿನ ವಿಮೆ ಮುಗಿದಂದಿನಿಂದ, ಅಂದರೆ 2025ರ ಸೆಪ್ಟೆಂಬರ್ 17ರವರೆಗೆ. ಆದರೆ ಪತ್ರದಲ್ಲಿ ಶಾಖೆಯವರು ಮಾರಿದ ದಿನದಿಂದ ಎಣಿಸಿ 2025ರ ಫೆಬ್ರವರಿ 18 ಎಂದು ಬರೆದರು. ವಾದಿಸಬಹುದಿತ್ತು. ಅಗತ್ಯ ಬೀಳಲಿಲ್ಲ, ಕಾರು ಅದಕ್ಕೂ ಮೊದಲೇ ಬರುವುದಿತ್ತು. ಎರಡು ದಿನಾಂಕಗಳಲ್ಲಿ ಮೊದಲು ಬರುವುದನ್ನೇ ಗಡುವು ಎಂದುಕೊಳ್ಳುವುದು ಕ್ಷೇಮ. ಗಡುವಿನೊಳಗೆ ಆಗಬೇಕಾದದ್ದು ಹೊಸ ಪಾಲಿಸಿಯ ಆರಂಭವೇ ಹೊರತು ಬುಕಿಂಗ್ ಅಲ್ಲ. ಕಾಯುವಿಕೆ ಹೆಚ್ಚಿರುವ ಮಾಡೆಲ್ ಆಗಿದ್ದರೆ ಡೆಲಿವರಿ ಮುಂದೆ ಹೋಗುತ್ತಲೇ ಗಡುವು ದಾಟೀತು. ಗಡುವು ಜುಲೈ-ಆಗಸ್ಟಿನಲ್ಲಿ ಬೀಳುವವರು ಇನ್ನೂ ಎಚ್ಚರವಾಗಿರಬೇಕು: ಆಟಿ ತಿಂಗಳಲ್ಲಿ ಹೊಸ ಗಾಡಿ ಮನೆಗೆ ತರುವುದಿಲ್ಲ ಎಂದು ಹಿರಿಯರು ಪಟ್ಟು ಹಿಡಿದರೆ ಎನ್‌ಸಿಬಿ ಅವರಿಗಾಗಿ ಕಾಯುವುದಿಲ್ಲ.

ಕೊಟೇಷನ್

ಹೊಸ ಕಾರು 1,498 ಸಿಸಿ ಪೆಟ್ರೋಲ್, ಎಕ್ಸ್-ಶೋರೂಂ ಬೆಲೆ 12 ಲಕ್ಷ. ಹೊಸ ಕಾರಿನ ಐಡಿವಿ (ಕಾರು ಪೂರ್ತಿ ಹಾಳಾದರೆ ಅಥವಾ ಕಳವಾದರೆ ಸಿಗುವ ಗರಿಷ್ಠ ಮೊತ್ತ) ಆ ಬೆಲೆಯ ಶೇ. 95, ಅಂದರೆ 11,40,000. ಬಿ ವಲಯದಲ್ಲಿ 1,000ದಿಂದ 1,500 ಸಿಸಿಯ, ಐದು ವರ್ಷದೊಳಗಿನ ಕಾರಿಗೆ ಟ್ಯಾರಿಫ್‌ನ ಮೂಲ ದರ ಶೇ. 3.191. ಅದರ ಮೇಲೆ ಕಂಪನಿಗಳು ತಮ್ಮ ರಿಯಾಯಿತಿ ಕೊಡುತ್ತವೆ. ಎನ್‌ಸಿಬಿ ಬರುವುದು ಆಮೇಲೆ.

ಎನ್‌ಸಿಬಿ ಹೇಳುವ ಮೊದಲು ಶೋರೂಂ ಕೊಟ್ಟ ಹಾಳೆ:

ಮೂಲ ಓನ್ ಡ್ಯಾಮೇಜ್: 36,377
ಕಂಪನಿಯ ರಿಯಾಯಿತಿ ಶೇ. 30: 10,913 ಕಳೆದು 25,464
ಝೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ಪರಿಹಾರ) ಮತ್ತು ಎಂಜಿನ್ ರಕ್ಷಣೆಯ ಆಡ್-ಆನ್ (ಹೆಚ್ಚುವರಿ ರಕ್ಷಣೆ): 6,840
ಮೂರು ವರ್ಷದ ಥರ್ಡ್ ಪಾರ್ಟಿ: 10,640
ಮಾಲೀಕ-ಚಾಲಕರ 15 ಲಕ್ಷದ ಅಪಘಾತ ವಿಮೆ: 375
ಜಿಎಸ್‌ಟಿ ಸೇರಿ: 51,116

ಥರ್ಡ್ ಪಾರ್ಟಿಯ 10,640 ಎಂಬುದು 2022ರ ಜೂನ್ 1ರಿಂದ ಜಾರಿಗೆ ಬಂದ ದರ. ಹೊಸ ಕಾರಿಗೆ ಮೂರು ವರ್ಷದ್ದನ್ನು ಒಟ್ಟಿಗೆ ಕಟ್ಟಲೇಬೇಕು, ಯಾವ ಕಂಪನಿಯಲ್ಲಿ ಕೇಳಿದರೂ ಇದೇ ಅಂಕಿ. ಎಂಜಿನ್ ರಕ್ಷಣೆಯನ್ನು ಬೇಡವೆನ್ನಲಿಲ್ಲ. ಕೊಟ್ಟಾರ ಚೌಕಿಯಲ್ಲಿ ಮಳೆಗಾಲದ ನೀರು ನೋಡಿದವರು ಅದನ್ನು ಬಿಡುವುದಿಲ್ಲ.

ಶೇ. 45ರ ಪತ್ರ ಮೇಜಿನ ಮೇಲೆ ಬಂದ ಮೇಲೆ ಎರಡನೇ ಹಾಳೆ ಬಂತು. ಅದರಲ್ಲಿ ಎನ್‌ಸಿಬಿ ಶೇ. 45 ಸರಿಯಾಗಿಯೇ ಇತ್ತು, ಓನ್ ಡ್ಯಾಮೇಜ್ 18,007ಕ್ಕೆ ಇಳಿದಿತ್ತು. ಹೆಚ್ಚಿನವರು ಇಲ್ಲಿಗೆ ಖುಷಿಪಟ್ಟು ಸಹಿ ಹಾಕುತ್ತಾರೆ. ಆದರೆ 25,464ರಲ್ಲಿ ಶೇ. 45 ಕಳೆದರೆ 14,005 ಬರಬೇಕು. ಉಳಿದ 4,002 ಹೋದದ್ದೆಲ್ಲಿ? ಮೇಲಿನ ಸಾಲಿನಲ್ಲಿ ಕಂಪನಿಯ ರಿಯಾಯಿತಿ ಶೇ. 30 ಇದ್ದದ್ದು ಸದ್ದಿಲ್ಲದೆ 10ಕ್ಕೆ ಇಳಿದಿತ್ತು. 36,377ರಲ್ಲಿ ಶೇ. 10 ಕಳೆದರೆ 32,740. ಅದರ ಮೇಲೆ ಎನ್‌ಸಿಬಿ 45 ಅಂದರೆ 18,007. ಜಿಎಸ್‌ಟಿ ಸೇರಿಸಿದರೆ ಈ ಒಂದು ಸಾಲಿನ ಬೆಲೆ 4,722 ರೂಪಾಯಿ. ಎನ್‌ಸಿಬಿ ಗ್ರಾಹಕರು ದುಡಿದ ಹಕ್ಕು, ಕಂಪನಿಯ ರಿಯಾಯಿತಿ ವ್ಯಾಪಾರದ ಮಾತು. ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಕಿತ್ತುಕೊಳ್ಳುವುದಕ್ಕೆ ಕಾನೂನಿನ ತಡೆಯಿಲ್ಲ, ಚೌಕಾಶಿಯೇ ಮದ್ದು. ಇದೇ ಕಾರಣಕ್ಕೆ ಎನ್‌ಸಿಬಿ ಇರುವುದನ್ನು ಮೊದಲೇ ಹೇಳದೆ, ಬರೀ ಕೊಟೇಷನ್ ಬರವಣಿಗೆಯಲ್ಲಿ ಪಡೆದು, ಆಮೇಲೆ ಪತ್ರ ಹೊರತೆಗೆಯುವುದು ಜಾಣತನ. ಐಡಿವಿಯ ಮೇಲೂ ಒಂದು ಕಣ್ಣಿರಲಿ. ಪ್ರೀಮಿಯಂ ಕಡಿಮೆ ಕಾಣಿಸಲು 11.4 ಲಕ್ಷವನ್ನು ಹತ್ತೂವರೆಗೆ ಇಳಿಸಿದರೆ, ಕಾರು ಪೂರ್ತಿ ಹಾಳಾದ ದಿನ ಅದರ ಬೆಲೆ ತೆರಬೇಕು. ಆಡ್-ಆನ್‌ಗಳಿಗೆ ಸಾಮಾನ್ಯವಾಗಿ ಎನ್‌ಸಿಬಿ ಹತ್ತುವುದಿಲ್ಲ, ಅಲ್ಲಿ ಕಡಿತ ಕಾಣದಿದ್ದರೆ ಅದು ಮೋಸವಲ್ಲ.

ಶೋರೂಮಿನಲ್ಲೇ ವಿಮೆ ಮಾಡಿಸಬೇಕೆಂಬ ಕಟ್ಟಳೆ ಇಲ್ಲ. ಚಾಸಿ, ಎಂಜಿನ್ ಸಂಖ್ಯೆ ಸಿಕ್ಕರೆ ಹಂಪನಕಟ್ಟೆಯ ಯಾವ ಏಜೆಂಟರ ಬಳಿಯೂ ಮಾಡಿಸಿ ನೋಂದಣಿಗೆ ಕೊಡಬಹುದು. ಹೊರಗಿನ ಒಂದು ಕೊಟೇಷನ್ ಮೇಜಿನ ಮೇಲೆ ಇಟ್ಟ ಮೇಲೆ ಶೇ. 30 ರಿಯಾಯಿತಿ ಮರಳಿ ಬಂತು. ಕೊನೆಯ ಹಾಳೆ: ಓನ್ ಡ್ಯಾಮೇಜ್ 14,005, ಉಳಿದದ್ದೆಲ್ಲ ಮೊದಲಿನಂತೆ, ಜಿಎಸ್‌ಟಿ ಸೇರಿ ಒಟ್ಟು 37,595. ಉಳಿತಾಯವಾದದ್ದು 13,521. ರಿಕವರಿಗೆ ಕಟ್ಟಿದ 2,478 ಕಳೆದರೆ 11,043.

ಒಂದೂವರೆ ಸಾವಿರಕ್ಕೆ ಹನ್ನೊಂದು ಲಕ್ಷ

ಶೇ. 45ರ ಬದಲು 50 ಹಾಕಿಸಿದ್ದರೆ ಹೆಚ್ಚಿಗೆ ಉಳಿಯುತ್ತಿದ್ದದ್ದು 25,464ರ ಶೇ. 5, ಅಂದರೆ 1,273. ಜಿಎಸ್‌ಟಿ ಸೇರಿ 1,502 ರೂಪಾಯಿ. ಅದಕ್ಕಾಗಿ ಸಹಿ ಹಾಕಬೇಕಾದ ಘೋಷಣೆಯಲ್ಲಿರುವ ಮಾತು ಏನೆಂದರೆ, ತಾನು ಹೇಳಿದ ಎನ್‌ಸಿಬಿ ತಪ್ಪೆಂದು ಕಂಡುಬಂದರೆ ಪಾಲಿಸಿಯ ಮೊದಲ ಭಾಗದ ಎಲ್ಲ ಸೌಲಭ್ಯ ಮುಟ್ಟುಗೋಲಾಗುತ್ತದೆ ಎಂಬುದು. ಮೊದಲ ಭಾಗವೆಂದರೆ ಓನ್ ಡ್ಯಾಮೇಜ್: ಕಾರಿಗೆ ಆಗುವ ಹಾನಿ, ಕಳವು, ನೆರೆ ನೀರು ಎಲ್ಲ. 1,502 ರೂಪಾಯಿಗೆ 11,40,000ದ ರಕ್ಷಣೆಯನ್ನು ಪಣವಿಟ್ಟಂತೆ.

ಯಾರೂ ನೋಡುವುದಿಲ್ಲ ಎಂಬುದು ಹಳೆಯ ಕಾಲದ ಧೈರ್ಯ. ಘೋಷಣೆಯ ಮೇಲೆ ಎನ್‌ಸಿಬಿ ಕೊಟ್ಟ ಹೊಸ ಕಂಪನಿ 21 ದಿನದೊಳಗೆ ಹಳೆಯ ಕಂಪನಿಗೆ ಬರೆದು ಕೇಳಬೇಕು, ಅದು 30 ದಿನದೊಳಗೆ ಉತ್ತರಿಸಬೇಕು ಎಂದು ಟ್ಯಾರಿಫ್‌ನಲ್ಲೇ ಇದೆ. ಇನ್ಶೂರೆನ್ಸ್ ಇನ್ಫರ್ಮೇಶನ್ ಬ್ಯೂರೋದಲ್ಲಿ ಎಲ್ಲ ಕಂಪನಿಗಳ ಪಾಲಿಸಿ, ಕ್ಲೇಮುಗಳ ಮಾಹಿತಿ ಒಂದೆಡೆ ಸೇರುತ್ತದೆ. ಅದಕ್ಕಿಂತ ಮುಖ್ಯವಾಗಿ, ದೊಡ್ಡ ಕ್ಲೇಮು ಬಂದ ದಿನ ಸರ್ವೇಯರ್ ಮೊದಲು ತೆಗೆಯುವ ಕಡತಗಳಲ್ಲಿ ಎನ್‌ಸಿಬಿಯದ್ದೂ ಒಂದು. ಹೊಸ ಕಂಪನಿ ಸಕಾಲದಲ್ಲಿ ವಿಚಾರಿಸಲಿಲ್ಲ ಎಂಬ ವಾದ ಹಿಡಿದು ಗ್ರಾಹಕ ಆಯೋಗಕ್ಕೆ ಹೋದವರಿದ್ದಾರೆ. ವರ್ಷಗಟ್ಟಲೆ ಅಲೆದು ಕ್ಲೇಮಿನ ಒಂದು ಪಾಲು ಪಡೆಯುವ ದಾರಿ ಅದು.

ತಪ್ಪಾಗಿ ಹೆಚ್ಚು ಎನ್‌ಸಿಬಿ ಪಡೆದದ್ದು ಆಮೇಲೆ ಗೊತ್ತಾದವರು ಕ್ಲೇಮು ಬರುವ ಮೊದಲೇ ಕಂಪನಿಗೆ ಬರೆದು, ವ್ಯತ್ಯಾಸದ ಪ್ರೀಮಿಯಂ ಕಟ್ಟಿ, ಎಂಡಾರ್ಸ್‌ಮೆಂಟ್ (ಪಾಲಿಸಿಯ ತಿದ್ದುಪಡಿ ಪತ್ರ) ಪಡೆದರೆ ಸರಿಹೋಗುತ್ತದೆ. ಅಪಘಾತವಾದ ಮೇಲೆ ಕಟ್ಟಲು ಹೋದರೆ ತೆಗೆದುಕೊಳ್ಳುವುದಿಲ್ಲ.

ಅಬುಧಾಬಿಯ ಮೂರು ವರ್ಷ

ಈ ಮಾಲೀಕರಿಗೆ ದಕ್ಕದೇ ಹೋದ, ಆದರೆ ಗಲ್ಫಿನಿಂದ ಮರಳುವ ಹಲವರಿಗೆ ದಕ್ಕಬಹುದಾದ ಒಂದು ದಾರಿಯಿದೆ. ವಿದೇಶದಲ್ಲಿ ಸ್ವಂತ ಹೆಸರಿನ ವಿಮೆಯಲ್ಲಿ ಗಳಿಸಿದ ಎನ್‌ಸಿಬಿಯನ್ನೂ ಇಲ್ಲಿನ ಹೊಸ ಪಾಲಿಸಿಗೆ ಕೊಡಬಹುದು; ಅಲ್ಲಿನ ವಿಮೆ ಮುಗಿದ ಮೂರು ವರ್ಷದೊಳಗೆ ಇಲ್ಲಿ ಪಾಲಿಸಿ ಆಗಬೇಕು ಅಷ್ಟೆ. ಕೆಲಸ ಬಿಟ್ಟು ಬರುವ ಮೊದಲು ಅಲ್ಲಿನ ಕಂಪನಿಯಿಂದ ನೋ ಕ್ಲೇಮ್ ಸರ್ಟಿಫಿಕೇಟ್ ಇಂಗ್ಲಿಷಿನಲ್ಲಿ, ಪ್ರತಿ ವರ್ಷದ ಅವಧಿ ಬಿಡಿಬಿಡಿಯಾಗಿ ನಮೂದಿಸಿ ಪಡೆಯಬೇಕು. ಇಲ್ಲಿನ ಶಾಖೆಗಳಲ್ಲಿ ಈ ನಿಯಮ ನೆನಪಿರುವವರು ಕಡಿಮೆ, 27ನೇ ನಿಯಮವೆಂದು ಬರೆದು ಕೊಡಬೇಕಾದೀತು. ಇವರಿಗೆ ಅದು ಆಗಲಿಲ್ಲ, ಏಕೆಂದರೆ ಅಲ್ಲಿ ಓಡಿಸಿದ್ದು ಕೆಲಸ ಕೊಟ್ಟ ಸಂಸ್ಥೆಯ ಗಾಡಿ. ವಿಮೆಯೂ ಆ ಸಂಸ್ಥೆಯ ಹೆಸರಿನಲ್ಲಿತ್ತು. ಸ್ವಂತದ್ದಾಗಿದ್ದರೂ ಅಲ್ಲಿನದ್ದನ್ನೂ ಇಲ್ಲಿನದ್ದನ್ನೂ ಕೂಡಿಸಲು ಬರುತ್ತಿರಲಿಲ್ಲ.

ಹಾಗೆಯೇ ಇವರ ಮನೆಯಲ್ಲಿದ್ದ ಸ್ಕೂಟರಿನ ಎನ್‌ಸಿಬಿಯನ್ನು ಕಾರಿಗೆ ತರುವ ಪ್ರಶ್ನೆಯೂ ಇಲ್ಲ. ಒಂದೇ ವರ್ಗದ ವಾಹನಕ್ಕೆ ಮಾತ್ರ: ಖಾಸಗಿ ಕಾರಿನದ್ದು ಖಾಸಗಿ ಕಾರಿಗೆ. ಹಳದಿ ಬೋರ್ಡಿನ ಟ್ಯಾಕ್ಸಿಗೂ ಇಲ್ಲ.

ಪಾಲಿಸಿ ಆದ ಮೇಲೆ

ಹೊಸ ಪಾಲಿಸಿ 2025ರ ಜನವರಿ 31ರಂದು ಶುರುವಾಯಿತು. ಅಸಲಿ ಪತ್ರವನ್ನು ಹೊಸ ಕಂಪನಿ ಇಟ್ಟುಕೊಂಡಿತು. ಕೊಡುವ ಮೊದಲು ಅದರ ಸ್ಕ್ಯಾನ್, ರಿಕವರಿ ಕಟ್ಟಿದ ರಸೀದಿ ಎರಡನ್ನೂ ಉಳಿಸಿಕೊಂಡಿದ್ದರು. ಹಳೆಯ ಕಂಪನಿಯಿಂದ ದೃಢೀಕರಣ ಬಂದಾಗ ಅಲ್ಲಿಯೂ ಶೇ. 45 ಎಂದೇ ಇತ್ತು. ಪತ್ರ ಕೊಡಲು ಹಳೆಯ ಕಂಪನಿ ಸತಾಯಿಸಿದ್ದರೆ ಮೊದಲು ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ, ಆಮೇಲೆ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲಿ, ಒಂದು ತಿಂಗಳಾದರೂ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದಿತ್ತು. ಆದರೆ ಗಡುವು ಹತ್ತಿರವಿರುವಾಗ ದೂರಿಗಿಂತ ಶಾಖೆಯ ಮ್ಯಾನೇಜರನ್ನು ನೇರ ಕಂಡರೆ ಬೇಗ ಆಗುತ್ತದೆ.

ಮೊದಲ ವರ್ಷದಲ್ಲಿ ಸಣ್ಣ ಪೆಟ್ಟಿಗೆ ಕ್ಲೇಮು ಮಾಡಬೇಕೇ ಎಂಬುದಕ್ಕೂ ಈಗ ಲೆಕ್ಕವಿದೆ. ಮುಂದಿನ ರಿನ್ಯೂವಲ್‌ನಲ್ಲಿ ಐಡಿವಿ ಎಕ್ಸ್-ಶೋರೂಂ ಬೆಲೆಯ ಶೇ. 80ಕ್ಕೆ, 9,60,000ಕ್ಕೆ ಇಳಿಯಿತು ಎಂದುಕೊಳ್ಳಿ. ಮೂಲ ದರದಲ್ಲಿ 30,634, ಶೇ. 30 ರಿಯಾಯಿತಿ ಕಳೆದು 21,444. ಕ್ಲೇಮಿಲ್ಲದಿದ್ದರೆ ಎನ್‌ಸಿಬಿ 50ಕ್ಕೆ ಏರಿ 10,722 ಉಳಿಯುತ್ತದೆ, ಕ್ಲೇಮಾದರೆ ಏನೂ ಇಲ್ಲ. ಅದರ ಮುಂದಿನ ವರ್ಷವೂ 50ರ ಜಾಗದಲ್ಲಿ 20 ಮಾತ್ರ. ಹಾಗಾಗಿ ಹತ್ತು-ಹನ್ನೆರಡು ಸಾವಿರದೊಳಗಿನ ಬಂಪರ್, ಡೋರ್ ರಿಪೇರಿಯನ್ನು ಕೈಯಿಂದ ಕೊಟ್ಟು ಮುಗಿಸುವುದೇ ಲಾಭ. ಕ್ಲೇಮಾದರೂ ಎನ್‌ಸಿಬಿ ಉಳಿಸುವ ಎನ್‌ಸಿಬಿ ಪ್ರೊಟೆಕ್ಟ್ ಆಡ್-ಆನ್ ಇದ್ದವರ ಲೆಕ್ಕ ಬೇರೆ. ಆದರೆ ಅದು ಎಷ್ಟು ಕ್ಲೇಮಿನವರೆಗೆ ಕಾಯುತ್ತದೆ, ಬೇರೆ ಕಂಪನಿಗೆ ಹೋದರೂ ನಡೆಯುತ್ತದೆಯೇ ಎಂದು ಓದಿಯೇ ಕೊಳ್ಳಬೇಕು.

ಓನ್ ಡ್ಯಾಮೇಜ್ ಮುಗಿಯುವುದು 2026ರ ಜನವರಿ 30ಕ್ಕೆ, ಥರ್ಡ್ ಪಾರ್ಟಿ 2028ರ ಜನವರಿ 30ಕ್ಕೆ. ಪಾಲಿಸಿಯ ಮೊದಲ ಪುಟದಲ್ಲಿ ದೊಡ್ಡದಾಗಿ ಕಾಣುವುದು ಎರಡನೆಯ ದಿನಾಂಕ. ಅದನ್ನೇ ನಂಬಿ ಕೂತರೆ 2026ರ ಏಪ್ರಿಲ್ 30ಕ್ಕೆ 90 ದಿನ ಮುಗಿದು, ಇಷ್ಟು ಓಡಾಡಿ ತಂದ ಎನ್‌ಸಿಬಿ ಹೋಗುತ್ತದೆ. ಓನ್ ಡ್ಯಾಮೇಜನ್ನು ಮಾತ್ರ ಬೇರೆ ಕಂಪನಿಯಲ್ಲಿ ಬಿಡಿಯಾಗಿ ರಿನ್ಯೂ ಮಾಡಿಸಲು ಅಡ್ಡಿಯಿಲ್ಲ. ಆಗ ಥರ್ಡ್ ಪಾರ್ಟಿ ಪಾಲಿಸಿಯ ಸಂಖ್ಯೆ ಮತ್ತು ಅವಧಿ ಕೇಳುತ್ತಾರೆ, ಹಳೆಯ ಪಾಲಿಸಿಯ ಪ್ರತಿ ಕೈಯಲ್ಲಿರಬೇಕು.